ಹಿತ್ತಾಳೆ ವಾದ್ಯಪಂಚಕ

ಪಾಶ್ಚಾತ್ಯ ಗೋಷ್ಠೀಸಂಗೀತದ ಶಾಖೆಗಳಲ್ಲಿ ಹಿತ್ತಾಳೆ ವಾದ್ಯಪಂಚಕವು ವಯಸ್ಸಿನಿಂದ ಕಿರಿಯದು, ದನಿಯಿಂದ ಹಿರಿಯದು. ಎರಡು ಟ್ರಂಪೆಟ್, ಒಂದು ಫ್ರೆಂಚ್ ಹಾರ್ನ್, ಒಂದು ಟ್ರೊಂಬೋನ್, ಒಂದು ಟ್ಯೂಬಾ ಎಂಬ ಐದು ವಾದ್ಯಗಳನ್ನು ಹಿಡಿದ ಐವರು, ಮುಂದೆ ನಿಂತು ಕೋಲಾಡಿಸುವ ನಿರ್ದೇಶಕನಿಲ್ಲದೆ, ಒಬ್ಬರ ಉಸಿರನ್ನು ಇನ್ನೊಬ್ಬರು ಗಮನಿಸುತ್ತ, ಒಂದೊಂದು ಸ್ವರಪಂಕ್ತಿಗೆ ಒಬ್ಬೊಬ್ಬರೇ ಹೊಣೆಗಾರರಾಗಿ ನಡೆಸುವ ಮೇಳಕ್ಕೂ, ಅಂಥ ಮೇಳಕ್ಕೆಂದು ರಚಿತವಾದ ಕೃತಿಗಳಿಗೂ ಈ ಹೆಸರು ಸಲ್ಲುತ್ತದೆ. ತಂತಿವಾದ್ಯಗಳ ಚತುಷ್ಟಯವು ಹದಿನೆಂಟನೆಯ ಶತಮಾನದಲ್ಲಿಯೇ ಶ್ರೀಮಂತರ ದಿವಾಣಖಾನೆಗಳಲ್ಲಿ ಆಶ್ರಯ ಪಡೆದು ಪ್ರೌಢವಾಯಿತು. ಹಿತ್ತಾಳೆಯ ಪಂಚಕಕ್ಕೆ ಅಂಥ ಆಶ್ರಯ ದೊರೆತುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಅದೂ ಅರಸರಿಂದಲ್ಲ, ವಿಶ್ವವಿದ್ಯಾನಿಲಯಗಳಿಂದ. ಕೋಟೆಯ ಬಾಗಿಲು, ರಣಭೂಮಿ, ಗೋಪುರದ ತುದಿ, ಮೆರವಣಿಗೆಯ ಮುಂಭಾಗ ಇವೇ ಯಾವ ವಾದ್ಯಗಳ ಸಹಜ ನಿವಾಸಗಳಾಗಿದ್ದವೋ ಆ ವಾದ್ಯಗಳು ಛಾವಣಿಯ ಕೆಳಗೆ ಬಂದು ಕುಳಿತು ಮೆಲುದನಿಯಲ್ಲಿ ಪರಸ್ಪರ ಸಂಭಾಷಿಸುವುದನ್ನು ಕಲಿತ ಕಥೆಯೇ ಈ ಪ್ರಕಾರದ ಇತಿಹಾಸವೆನ್ನಬಹುದು.

ಭರತಾದಿಗಳು ಮಾಡಿದ ತತ, ಅವನದ್ಧ, ಘನ, ಸುಷಿರ ಎಂಬ ವಿಭಾಗದಲ್ಲಿ ಇವು ಐದೂ ಸುಷಿರವಾದ್ಯಗಳೇ. ಕೊಳಲಿನಲ್ಲಿ ರಂಧ್ರದ ಅಂಚು ಉಸಿರನ್ನು ಸೀಳುತ್ತದೆ. ನಾಗಸ್ವರ ಸನಾದಿಗಳಲ್ಲಿ ಒಣಗಿದ ಜೊಂಡಿನ ಪೀಪಿಯು ಅದುರುತ್ತದೆ. ಹಿತ್ತಾಳೆ ವಾದ್ಯಗಳಲ್ಲಿ ವಾದಕನ ತುಟಿಗಳೇ ಬಟ್ಟಲಿನಂಥ ಮುಖಭಾಗಕ್ಕೆ ಒತ್ತಿಕೊಂಡು ಅದುರಿ ನಾದವನ್ನು ಹುಟ್ಟಿಸುತ್ತವೆ. ಆದುದರಿಂದ ಈ ವರ್ಗವನ್ನು ನಿರ್ಣಯಿಸುವುದು ಲೋಹವಲ್ಲ, ತುಟಿ. ಮೈಯೆಲ್ಲ ಹಿತ್ತಾಳೆಯಾಗಿದ್ದರೂ ಪೀಪಿಯಿಂದ ಧ್ವನಿಸುವ ಸ್ಯಾಕ್ಸೊಫೋನ್ ಈ ಕುಲಕ್ಕೆ ಸೇರದು. ಲೋಹದ ಲೇಶವೂ ಇಲ್ಲದ ಶಂಖ ಸೇರುತ್ತದೆ. ತುಟಿಯ ಬಿಗುವನ್ನು ಹೆಚ್ಚಿಸಿದಂತೆ ಕೊಳವೆಯೊಳಗಿನ ವಾಯುಸ್ತಂಭವು ಮೂಲನಾದದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವೃತ್ತಿಗಳಿಗೆ ಜಿಗಿಯುತ್ತದೆ. ಷಡ್ಜ, ಪಂಚಮ, ಮೇಲಿನ ಷಡ್ಜ, ಅಂತರ ಗಾಂಧಾರ, ಮತ್ತೆ ಪಂಚಮ: ಸಾಮಾನ್ಯ ಕಹಳೆಯು ಸರಾಗವಾಗಿ ಕೊಡುವುದು ಇಷ್ಟನ್ನೇ, ಆದ್ದರಿಂದಲೇ ಜಗತ್ತಿನ ಯಾವ ಮೂಲೆಯ ರಣಕಹಳೆಯನ್ನು ಕೇಳಿದರೂ ಅದರ ಘೋಷ ಒಂದೇ ಬಗೆಯದಾಗಿ ತೋರುತ್ತದೆ. ನಡುವಣ ಸ್ವರಗಳು ಬೇಕಾದರೆ ಕೊಳವೆಯ ಉದ್ದವನ್ನೇ ಬದಲಿಸಬೇಕು. ಟ್ರೊಂಬೋನು ಜಾರುಕೊಳವೆಯಿಂದ ಈ ಕಾರ್ಯವನ್ನು ಹದಿನೈದನೆಯ ಶತಮಾನದಲ್ಲಿಯೇ ಸಾಧಿಸಿತ್ತು. ಉಳಿದವು 1818ರಲ್ಲಿ ಬರ್ಲಿನ್ನಿನಲ್ಲಿ ಷ್ಟೋಲ್ಟ್ಸೆಲ್ ಮತ್ತು ಬ್ಲ್ಯೂಮೆಲ್ ಎಂಬಿಬ್ಬರು ಕವಾಟದ ಹಕ್ಕುಪತ್ರ ಪಡೆಯುವ ತನಕ ಕಾಯಬೇಕಾಯಿತು. ಮೂರು ಕವಾಟಗಳು ಕ್ರಮವಾಗಿ ಒಂದು ಸ್ವರ, ಅರ್ಧಸ್ವರ, ಒಂದೂವರೆ ಸ್ವರದಷ್ಟು ನಾದವನ್ನು ತಗ್ಗಿಸುತ್ತವೆ. ಅವುಗಳ ಸಂಯೋಗದಿಂದ ಹನ್ನೆರಡು ಸ್ವರಸ್ಥಾನಗಳೂ ಕೈಗೆಟಕುತ್ತವೆ. 1835ರಲ್ಲಿ ವೀಪ್ರೆಕ್ಟ್ ಮತ್ತು ಮೋರಿಟ್ಸರು ಟ್ಯೂಬಾವನ್ನು ರೂಪಿಸಿದ ಮೇಲೆ ಮಂದ್ರಕ್ಕೂ ಒಡೆಯನೊಬ್ಬನು ದೊರೆತನು.

ಈ ಕುಲದ ವಾದ್ಯಗಳು ಕನ್ನಡ ನಾಡಿಗೆ ಬ್ಯಾಂಡಿನೊಡನೆ ಬಂದ ಪರದೇಶಿಗಳೆಂದು ಭಾವಿಸುವುದು ಸರಿಯಲ್ಲ. ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿಗೆ ಸೇರಿದ, ಸರ್ವಜ್ಞನ ಜನ್ಮವೃತ್ತಾಂತದೊಡನೆ ಜನರ ಬಾಯಲ್ಲಿ ಹೆಣೆದುಕೊಂಡಿರುವ ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ರ ಪ್ರಸಿದ್ಧ ಶಾಸನವೊಂದಿದೆ. ಶಿರಸ್ಸನ್ನು ಅರಿದುಕೊಂಡು ಮರಳಿ ಪಡೆದನೆಂದು ಹೇಳಲಾಗುವ ಏಕಾಂತದ ರಾಮಯ್ಯನ ಪವಾಡವನ್ನೂ, ಕಲಚುರಿ ಬಿಜ್ಜಳನು ಅವನಿಗೆ ಜಯಪತ್ರವನ್ನಿತ್ತುದನ್ನೂ ನಿರೂಪಿಸುವ ಈ ಶಾಸನವನ್ನು ಜೆ. ಎಫ್. ಫ್ಲೀಟರು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಸಂಪಾದಿಸಿದರು. ಧರ್ಮೇತಿಹಾಸದ ವಿದ್ಯಾರ್ಥಿಗಳು ಇದನ್ನು ಬೇಕಾದಷ್ಟು ಚರ್ಚಿಸಿದ್ದಾರೆ. ಪ್ರಕೃತ ವಿಷಯಕ್ಕೆ ಸಂಬಂಧಿಸಿದುದು ಅದರಲ್ಲಿ ದಾನಿಯಾಗಿ ಬರುವ ಹಾನಗಲ್ಲಿನ ಕದಂಬ ಮಹಾಮಂಡಳೇಶ್ವರ ಕಾಮದೇವನ ಪದವಿ. ಆ ಕಾಲದ ಮಹಾಮಂಡಳೇಶ್ವರರ ಬಿರುದಾವಳಿಗಳು ಪಂಚಮಹಾಶಬ್ದವನ್ನು ಪಡೆದವನು ಎಂಬ ವಿಶೇಷಣದಿಂದ ಆರಂಭವಾಗುವುದು ವಾಡಿಕೆ. ಹಾನಗಲ್ಲ ಕದಂಬರಿಗಾದರೋ ಇದರ ಮೇಲೆ ಪೆರ್ಮಟ್ಟಿ ಎಂಬ ತಮ್ಮದೇ ಆದ ತೂರ್ಯವೂ, ವಾನರಧ್ವಜವೂ, ಸಿಂಹಲಾಂಛನವೂ ಇದ್ದವು. ಸಾಮಂತನು ಹೊರಟನೆಂದರೆ ಅವನ ಮುಂದೆ ಯಾವ ವಾದ್ಯಗಳು ಮೊಳಗಬಹುದೆಂಬುದು ಚಕ್ರವರ್ತಿಯು ಅನುಗ್ರಹಿಸುವ ಮರ್ಯಾದೆಯಾಗಿತ್ತು.

ಈ ಐದು ಶಬ್ದಗಳು ಯಾವುವೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಮತವಿಲ್ಲ. ಉತ್ತರದೇಶದ ಶಾಸನಗಳಲ್ಲಿ ಇದು ಮಹಾ ಎಂಬ ಪೂರ್ವಪದವುಳ್ಳ ಐದು ಅಧಿಕಾರಸ್ಥಾನಗಳನ್ನು ಸೂಚಿಸುತ್ತದೆಯೆಂದು ಕೆಲವರು ವಾದಿಸಿದ್ದಾರೆ. ದಕ್ಷಿಣದ ಮಟ್ಟಿಗೆ ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿಯು ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಸ್ಪಷ್ಟವಾಗಿ ವಾದ್ಯಗಳನ್ನೇ ಎಣಿಸುವುದರಿಂದ ಆ ಅರ್ಥವನ್ನು ಅಂಗೀಕರಿಸಲು ಅಡ್ಡಿಯಿಲ್ಲ. ಐದರಲ್ಲಿ ಎರಡು, ಎಂದರೆ ಕೊಂಬು ಮತ್ತು ಶಂಖ, ತುಟಿಯಿಂದ ನುಡಿಯುವಂಥವು. ಕಹಳೆಯನ್ನು ಕುರಿತು ಶಾರ್ಙ್ಗದೇವನ ಸಂಗೀತರತ್ನಾಕರವು ಇನ್ನೂ ಖಚಿತವಾಗಿ ಮಾತನಾಡುತ್ತದೆ: ತಾಮ್ರ, ಬೆಳ್ಳಿ ಅಥವಾ ಚಿನ್ನದಿಂದ ಮಾಡಿದ್ದು, ಮೂರು ಮೊಳ ಉದ್ದದ್ದು, ತುದಿಯಲ್ಲಿ ದತ್ತೂರದ ಹೂವಿನಂತೆ ಅರಳಿದ್ದು. ಆ ಗ್ರಂಥಕರ್ತನು ಆಶ್ರಯಿಸಿದ್ದ ದೇವಗಿರಿಯ ಸಿಂಘಣನ ಆಳಿಕೆಯು ಅಬಲೂರಿನ ಶಾಸನ ಹುಟ್ಟಿದ ಒಂದೆರಡು ದಶಕಗಳಲ್ಲಿಯೇ ಈ ಸೀಮೆಯವರೆಗೂ ವ್ಯಾಪಿಸಿತೆಂಬುದನ್ನು ನೆನೆದರೆ, ಶಾಸ್ತ್ರಕಾರನು ವರ್ಣಿಸಿದ ಕಹಳೆಯೂ ಇಲ್ಲಿಯ ಜಾತ್ರೆಗಳಲ್ಲಿ ಮೊಳಗಿದ ಕಹಳೆಯೂ ದೂರದ ನೆಂಟರಾಗಿರಲಾರವು. ಕೇರಳದ ದೇವಾಲಯಗಳ ಪಂಚವಾದ್ಯದಲ್ಲಿ ಇಂದಿಗೂ ಬಾಗಿದ ಕೊಂಬುಗಳ ಸಾಲೊಂದು ನಿಲ್ಲುತ್ತದೆ. ಆದರೆ ಅದರ ಕೆಲಸ ತಾಳಕ್ಕೆ ಒತ್ತುಕೊಡುವುದು, ಹಾಡುವುದಲ್ಲ. ನಮ್ಮ ಕಡೆಯ ಕೊಂಬು ಕಹಳೆಗಳೂ ಬಾಜಾಭಜಂತ್ರಿಯಲ್ಲಿ ಘೋಷಣೆಯ ಅಧಿಕಾರವನ್ನು ಉಳಿಸಿಕೊಂಡವು. ರಾಗವನ್ನು ಸನಾದಿಗೆ ಬಿಟ್ಟುಕೊಟ್ಟವು. ಈ ಶ್ರಮವಿಭಾಗವು ಎಷ್ಟು ತೃಪ್ತಿಕರವಾಗಿತ್ತೆಂದರೆ, ಕಹಳೆಗೆ ಸ್ವರಗಳನ್ನು ಸೇರಿಸಬೇಕೆಂಬ ಅವಶ್ಯಕತೆಯೇ ಇಲ್ಲಿ ಯಾರಿಗೂ ತೋರಿದಂತಿಲ್ಲ.

ಯುರೋಪಿನಲ್ಲಿಯೂ ಮೊದಲಿಗೆ ಸ್ಥಿತಿ ಬೇರೆಯಾಗಿರಲಿಲ್ಲ. ಆದರೆ ಅಲ್ಲಿಯ ನಗರಸಭೆಗಳು ಸಂಬಳವಿತ್ತು ಸಾಕಿದ ವಾದಕರು, ಗಂಟೆ ಸಾರುವ ಕರ್ತವ್ಯದ ಜೊತೆಗೆ, ಬಹುಪಂಕ್ತಿಯ ರಚನೆಗಳನ್ನು ಗೋಪುರದ ಮೇಲಿಂದ ನುಡಿಸುವ ಪದ್ಧತಿಯನ್ನು ಬೆಳೆಸಿದರು. ಲೈಪ್ಸಿಗ್ ನಗರದ ಯೋಹಾನ್ ಪೆಟ್ಸೆಲನು 1670ರಲ್ಲಿ ಹತ್ತು ಗಂಟೆಯ ವಾದನಕ್ಕಾಗಿ ಒಂದು ಸಂಗ್ರಹವನ್ನೂ, 1685ರಲ್ಲಿ ಐದು ಪಂಕ್ತಿಗಳ ಊದುವಾದ್ಯದ ರಚನೆಗಳನ್ನೂ ಪ್ರಕಟಿಸಿದನು; ಎರಡು ಕಾರ್ನೆಟ್ಟೊ (ತುಟಿಯಿಂದ ನುಡಿಯುವ ಹಳೆಯ ಮರದ ಕೊಂಬು), ಮೂರು ಟ್ರೊಂಬೋನುಗಳಿಗೆ ಹೊಂದುವ ಈ ಎರಡನೆಯ ಸಂಗ್ರಹವೇ ಇಂದಿನ ಪಂಚಕಗಳು ತಮ್ಮ ಪುರಾಣವೆಂದು ಪಾರಾಯಣ ಮಾಡುವ ಗ್ರಂಥ. ವೆನಿಸಿನ ಸಂತ ಮಾರ್ಕನ ದೇವಾಲಯದಲ್ಲಿ ಜೊವಾನ್ನಿ ಗಾಬ್ರಿಯೇಲಿಯು ಎದುರುಬದುರಿನ ಉಪ್ಪರಿಗೆಗಳಲ್ಲಿ ವಾದಕರನ್ನು ಕೂರಿಸಿ ರಚಿಸಿದ, 1597ರಲ್ಲಿ ಅಚ್ಚಾದ ಕೃತಿಗಳು ಇನ್ನೂ ಘನತರವಾದವು. ಅವನ್ನು ಐವರಿಗೆ ಇಳಿಸಿಕೊಂಡಾಗ ಗಾಂಭೀರ್ಯದ ಜೊತೆಗೆ ಆ ಎರಡು ದಿಕ್ಕುಗಳ ಮಾರ್ದನಿಯೂ ಕುಂದುತ್ತದೆಯೆಂದು ಒಪ್ಪಿಕೊಳ್ಳಬೇಕು.

ಕವಾಟಗಳು ಬಂದ ಮೇಲೆ, 1850ರ ಸುಮಾರಿಗೆ, ಪ್ಯಾರಿಸಿನ ಬೆಲ್ಲೋನ್ ಎಂಬ ಪಿಟೀಲುಗಾರನು ಹನ್ನೆರಡು ಪಂಚಕಗಳನ್ನು ರಚಿಸಿದನಾದರೂ ಅವು ಬಹುಕಾಲ ಅಜ್ಞಾತವಾಗಿ ಉಳಿದವು. ಈ ಪ್ರಕಾರಕ್ಕೆ ನಿಜವಾದ ಪ್ರತಿಷ್ಠೆಯನ್ನು ತಂದವನು ವಿಕ್ಟರ್ ಎವಾಲ್ಡ್. 1860ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ 1935ರಲ್ಲಿ ಅದೇ ನಗರದಲ್ಲಿ ತೀರಿಕೊಂಡ ಈತನು ವೃತ್ತಿಯಿಂದ ಸ್ಥಾಪತ್ಯ ಶಾಸ್ತ್ರಜ್ಞನು, ಕಟ್ಟಡಗಳ ನಿರ್ಮಾಣವನ್ನು ಬೋಧಿಸುವ ಪ್ರಾಧ್ಯಾಪಕನು, ಪ್ರವೃತ್ತಿಯಿಂದ ಚೆಲ್ಲೊವಾದಕನು. ಮಿತ್ರೊಫಾನ್ ಬೆಲ್ಯಾಯೆವ್ ಎಂಬ ಮರದ ವರ್ತಕನ ಮನೆಯಲ್ಲಿ ಶುಕ್ರವಾರ ಶುಕ್ರವಾರ ಕೂಡುತ್ತಿದ್ದ, ಬೊರೊದಿನ್ ರಿಮ್ಸ್ಕಿ-ಕೊರ್ಸಕೋವರಂಥವರೂ ಬರುತ್ತಿದ್ದ ಗೋಷ್ಠಿಗಳಲ್ಲಿ ಎವಾಲ್ಡನು ಚತುಷ್ಟಯದ ಚೆಲ್ಲೊ ನುಡಿಸುತ್ತಿದ್ದನು. ತಂತಿಗೋಷ್ಠಿಯ ಸಂಸ್ಕಾರವನ್ನು ಮೈಗೂಡಿಸಿಕೊಂಡ ಇಂಥವನು ಹಿತ್ತಾಳೆಯ ಕಡೆಗೆ ತಿರುಗಿದುದೇ ವಿಶೇಷ: ಘೋಷಣೆಗೆ ಬದಲು ಸಂವಾದವನ್ನೂ, ಆರ್ಭಟಕ್ಕೆ ಬದಲು ದೀರ್ಘವಾದ ರಾಗಮಯ ವಾಕ್ಯಗಳನ್ನೂ ಆತನು ಈ ವಾದ್ಯಗಳಿಂದ ಬೇಡಿದನು, ಅವು ಕೊಟ್ಟವು. ಕೃತಿಸಂಖ್ಯೆ ಐದು ಎಂದು ಗುರುತಾದ ಅವನ ಮೊದಲ ಪಂಚಕವು 1912ರಲ್ಲಿ ಅಚ್ಚಾಯಿತು. ಟ್ಯೂಬಾ ಒಂಟಿಯಾಗಿ ಎತ್ತಿಕೊಳ್ಳುವ ಆರಂಭದ ವಾಕ್ಯವನ್ನು ಒಬ್ಬೊಬ್ಬರಾಗಿ ಉಳಿದವರು ಕೈಗೆ ತೆಗೆದುಕೊಳ್ಳುವ ಆ ಪ್ರಥಮ ಚಲನೆಯನ್ನು ಕೇಳಿದವರಿಗೆ, ಭಾರವಾದ ವಾದ್ಯವೆಂದು ಮೂಲೆಗೆ ತಳ್ಳಲ್ಪಟ್ಟ ಟ್ಯೂಬಾದಲ್ಲಿ ಎಷ್ಟು ಮಾರ್ದವವಿದೆಯೆಂಬುದು ಆ ಕ್ಷಣವೇ ಮನವರಿಕೆಯಾಗುತ್ತದೆ. ಅವನ ಉಳಿದ ಮೂರು ಪಂಚಕಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳಕಿಗೆ ಬಂದು, ಅಮೆರಿಕನ್ ಬ್ರಾಸ್ ಕ್ವಿಂಟೆಟ್ ಅವನ್ನು ರಸಿಕರ ಮುಂದಿಟ್ಟ ಮೇಲೆ, ಭಾವಪ್ರಧಾನ ಯುಗದ ಕೃತಿಗಳಿಲ್ಲವೆಂದು ಕೊರಗುತ್ತಿದ್ದ ಈ ಪ್ರಕಾರಕ್ಕೆ ಒಂದು ಪೂರ್ವಾರ್ಜಿತ ಆಸ್ತಿಯೇ ದೊರೆತಂತಾಯಿತು.

ಪಂಚಕವು ಸ್ಥಿರಮೇಳವಾಗಿ ನೆಲೆಗೊಂಡುದು ಅಮೆರಿಕದಲ್ಲಿ. ರಾಬರ್ಟ್ ನೇಗಲ್ 1954ರಲ್ಲಿ ನ್ಯೂಯಾರ್ಕ್ ಬ್ರಾಸ್ ಕ್ವಿಂಟೆಟನ್ನು ಸ್ಥಾಪಿಸಿದನು; 1960ರಲ್ಲಿ ಅಮೆರಿಕನ್ ಬ್ರಾಸ್ ಕ್ವಿಂಟೆಟ್ ಹುಟ್ಟಿತು; 1970ರಲ್ಲಿ ಟೊರಾಂಟೊ ನಗರದಲ್ಲಿ ಆರಂಭವಾದ ಕೆನೇಡಿಯನ್ ಬ್ರಾಸ್, ವಿನೋದವನ್ನೂ ವಿದ್ವತ್ತನ್ನೂ ಬೆರೆಸಿ, ಪಂಚಕವೆಂಬುದನ್ನು ಸಾಮಾನ್ಯ ಜನರ ಬಾಯಿಗೆ ತಂದಿತು. ಇವುಗಳ ಪಕ್ಕದಲ್ಲಿ, ಕೀರ್ತಿಯಲ್ಲಿ ಕಡಿಮೆಯಾದರೂ ಸಂಖ್ಯೆಯಲ್ಲಿ ಬಹಳ ಹೆಚ್ಚಾಗಿ, ವಿಶ್ವವಿದ್ಯಾನಿಲಯಗಳ ಅಧ್ಯಾಪಕ ಪಂಚಕಗಳು ಬೆಳೆದವು. ರಾಚೆಸ್ಟರ್ ನಗರದ ಈಸ್ಟ್‌ಮನ್ ಸಂಗೀತ ಶಾಲೆಯಲ್ಲಿ 1964ರಲ್ಲಿಯೂ, ಮ್ಯಾಡಿಸನ್ನಿನ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ 1972ರಲ್ಲಿಯೂ ಇಂಥವು ಸ್ಥಾಪಿತವಾದವು. ಅಮೆರಿಕನ್ ಬ್ರಾಸ್ ಕ್ವಿಂಟೆಟ್ ಕೂಡ 1987ರಿಂದ ಜೂಲಿಯಾರ್ಡ್ ಶಾಲೆಯ ಆಸ್ಥಾನಮೇಳವಾಯಿತು.

ಅಧ್ಯಾಪಕ ಪಂಚಕಗಳು ಹೀಗೆ ಬೆಳೆದುದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಸಂಗೀತ ವಿಭಾಗವುಳ್ಳ ವಿಶ್ವವಿದ್ಯಾನಿಲಯವು ಹೇಗಿದ್ದರೂ ಪ್ರತಿಯೊಂದು ವಾದ್ಯಕ್ಕೆ ಒಬ್ಬ ಅಧ್ಯಾಪಕನನ್ನು ನೇಮಿಸಿಕೊಳ್ಳುತ್ತದೆ. ಅವರಲ್ಲಿ ಹಿತ್ತಾಳೆಯವರನ್ನು ಒಂದು ಕೋಣೆಯಲ್ಲಿ ಕೂಡಿಸಿದರೆ ಪಂಚಕವು ತಾನಾಗಿ ಸಿದ್ಧವಾಗುತ್ತದೆ, ಎರಡನೆಯ ಟ್ರಂಪೆಟ್ಟಿಗೆ ಮಾತ್ರ ಕೆಲವೆಡೆ ಒಬ್ಬ ಹಿರಿಯ ವಿದ್ಯಾರ್ಥಿಯನ್ನು ಕರೆಯಬೇಕಾಗುತ್ತದೆ. ವಾದ್ಯವೃಂದದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ನೂರಾರು ಮಾತ್ರೆಗಳನ್ನು ಎಣಿಸುತ್ತ ಸುಮ್ಮನಿರುವುದೇ ಯಾರ ಹಣೆಬರಹವೋ ಅಂಥ ಟ್ಯೂಬಾ, ಟ್ರೊಂಬೋನು ವಾದಕರಿಗೆ ಇದು ತಮ್ಮ ವಿದ್ಯೆಯನ್ನು ಪೂರ್ಣವಾಗಿ ಮೆರೆಸುವ ಅವಕಾಶ. ಪಕ್ಕದ ಕೊಠಡಿಯಲ್ಲಿ ರಚನಾಶಾಸ್ತ್ರದ ಅಧ್ಯಾಪಕನಿರುವುದರಿಂದ ಹೊಸ ಕೃತಿಗೆ ಬಹುದೂರ ಬರೆದು ಕಳುಹಿಸಬೇಕಾದುದೂ ಇಲ್ಲ. ಈ ಪ್ರಕಾರದ ಕೃತಿಸಂಪತ್ತಿನ ಗಣನೀಯ ಭಾಗವು ಸಹೋದ್ಯೋಗಿಗಳು ಸಹೋದ್ಯೋಗಿಗಳಿಗಾಗಿ ಬರೆದುದು, ಆದ್ದರಿಂದಲೇ ಅದರಲ್ಲಿ ವಿದ್ವತ್ತಿನ ಶುಷ್ಕತೆ ಅಲ್ಲಲ್ಲಿ ಕಾಣದಿರದು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಕರು ಊರೂರಿಗೆ ಹೋಗಿ ವಿದ್ಯೆಯನ್ನು ಬಿತ್ತಿದಂತೆ, ಈ ಪಂಚಕಗಳು ತಂತಮ್ಮ ರಾಜ್ಯದ ಸಣ್ಣ ಊರುಗಳ ಶಾಲೆ, ಇಗರ್ಜಿ, ಸಭಾಮಂದಿರಗಳಿಗೆ ಹೋಗಿ ನುಡಿಸುತ್ತವೆ. ಐವರೂ ಐದು ವಾದ್ಯಗಳೂ ಒಂದೇ ಮೋಟಾರು ಬಂಡಿಯಲ್ಲಿ ಹಿಡಿಯುವುದು, ಪಿಯಾನೊ ಹುಡುಕಬೇಕಾಗದಿರುವುದು, ಇವೆಲ್ಲ ಲೌಕಿಕವಾದ ಕಾರಣಗಳಾದರೂ ಅಲ್ಲಗಳೆಯುವಂಥವಲ್ಲ. ಹೀಗೆ ಹೋದಲ್ಲಿ ಮುಂದಿನ ವರ್ಷದ ವಿದ್ಯಾರ್ಥಿಗಳೂ ದೊರೆಯುತ್ತಾರೆ.

ಅಧ್ಯಾಪಕ ಪಂಚಕದ ಕಛೇರಿಗೆ ಅದರದೇ ಆದ ಒಂದು ಶರೀರಧರ್ಮವಿದೆ. ಪಿಟೀಲುವಾದಕನ ಕೈ ಎರಡು ಗಂಟೆ ದಣಿಯದಿರಬಹುದು. ತುಟಿಯ ಸ್ನಾಯುಗಳು ಅಷ್ಟು ಸಹಿಷ್ಣುಗಳಲ್ಲ. ಆದುದರಿಂದ ಕಾರ್ಯಕ್ರಮವನ್ನು ಜೋಡಿಸುವವನು ತಾರಸ್ಥಾಯಿಯ ಕೃತಿಗಳೆರಡನ್ನು ಒಂದರ ಬೆನ್ನಿಗೊಂದು ಇಡಲಾರನು, ಬಲ್ಲ ರಚನಕಾರನು ಪ್ರತಿಯೊಬ್ಬನ ಪಂಕ್ತಿಯಲ್ಲಿಯೂ ವಿರಾಮಗಳನ್ನು ಹಂಚಿಡುತ್ತಾನೆ. ಕೃತಿಗಳ ನಡುವೆ ವಾದಕರಲ್ಲೊಬ್ಬನು ಎದ್ದು ನಿಂತು ಸಭೆಗೆ ನಾಲ್ಕು ಮಾತು ಹೇಳುವ ರೂಢಿಯಲ್ಲಿ ಸೌಜನ್ಯವೆಷ್ಟೋ ತುಟಿಗೆ ವಿಶ್ರಾಂತಿಯೂ ಅಷ್ಟೇ. ಫ್ರೆಂಚ್ ಹಾರ್ನಿನ ಬಾಯಿ ಹಿಂದಕ್ಕೆ ತಿರುಗಿರುವುದರಿಂದ ಅದರ ನಾದವು ಗೋಡೆಯನ್ನು ಮುಟ್ಟಿ ಮರಳಬೇಕು; ಟ್ರಂಪೆಟ್ಟಿನದು ನೇರವಾಗಿ ಶ್ರೋತೃವಿನ ಎದೆಗೆ ತಾಗುತ್ತದೆ. ಈ ವೈಷಮ್ಯವನ್ನು ಸರಿತೂಗಿಸಲು ಅರ್ಧವೃತ್ತದಲ್ಲಿ ಯಾರು ಎಲ್ಲಿ ಕೂರಬೇಕೆಂಬುದನ್ನು ಪ್ರತಿಯೊಂದು ಮೇಳವೂ ತನ್ನದೇ ರೀತಿಯಲ್ಲಿ ನಿರ್ಣಯಿಸಿಕೊಂಡಿದೆ. ಐದನೆಯ ಸ್ಥಾನದಲ್ಲಿ ಟ್ಯೂಬಾ ಇರಬೇಕೆ, ಮಂದ್ರ ಟ್ರೊಂಬೋನಿರಬೇಕೆ ಎಂಬುದೂ ಹಳೆಯ ವಿವಾದ. ಅಮೆರಿಕನ್ ಬ್ರಾಸ್ ಕ್ವಿಂಟೆಟ್ ಎರಡನೆಯದನ್ನು ಆರಿಸಿಕೊಂಡು ಹೆಚ್ಚು ಸ್ಪಷ್ಟವಾದ, ಆದರೆ ಅಷ್ಟು ದುಂಡಗಿಲ್ಲದ ನಾದವನ್ನು ತನ್ನ ಮುದ್ರೆಯಾಗಿ ಮಾಡಿಕೊಂಡಿತು.

ಇಪ್ಪತ್ತನೆಯ ಶತಮಾನದ ಸ್ವತಂತ್ರ ಕೃತಿಗಳಲ್ಲಿ ಫ್ರಾನ್ಸಿನ ಯೂಜೀನ್ ಬೊಜ್ಜಾನ 1951ರ ಸೊನಾಟಿನ್, ಆಲ್ವಿನ್ ಎಟ್ಲರನ 1963ರ ಪಂಚಕ, ಜೋಸೆಫ್ ಹೊರೊವಿಟ್ಸನ 1964ರ ಮ್ಯೂಸಿಕ್ ಹಾಲ್ ಸ್ವೀಟ್, ಯಾನ್ ಬಾಖನ 1971ರ ಲೌಡೆಸ್ ಇವು ಪದೇ ಪದೇ ಕೇಳಿಬರುವಂಥವು. ಇವೆಲ್ಲಕ್ಕೂ ಹೆಚ್ಚು ಜನಪ್ರಿಯವಾದುದು ಇಂಗ್ಲೆಂಡಿನ ಮಾಲ್ಕಂ ಆರ್ನಲ್ಡನು ನ್ಯೂಯಾರ್ಕ್ ಬ್ರಾಸ್ ಕ್ವಿಂಟೆಟಿಗಾಗಿ 1961ರಲ್ಲಿ ರಚಿಸಿದ ಪಂಚಕ. ಲಂಡನ್ ಫಿಲ್‌ಹಾರ್ಮೋನಿಕ್ ವೃಂದದಲ್ಲಿ ತಾನೇ ಪ್ರಧಾನ ಟ್ರಂಪೆಟ್ ವಾದಕನಾಗಿದ್ದ ಆರ್ನಲ್ಡನಿಗೆ ವಾದ್ಯದ ಮರ್ಮಗಳು ಕರತಲಾಮಲಕ. ಎರಡು ಚುರುಕಾದ ಚಲನೆಗಳ ನಡುವೆ ಅವನಿರಿಸಿದ ಶಾಕೋನ್ (ಮರಳಿ ಮರಳಿ ಬರುವ ಒಂದೇ ಆಧಾರದ ಮೇಲೆ ಹೆಣೆದ ರಚನೆ), ಲವಲವಿಕೆಯ ಸಭೆಯೊಳಕ್ಕೆ ಶೋಕವಾರ್ತೆಯೊಂದು ಹೊಕ್ಕಂತೆ ಕೃತಿಯ ಮುಖವನ್ನೇ ಬದಲಿಸುತ್ತದೆ. ಹಾರ್ನ್‌ವಾದಕನೇ ಆಗಿದ್ದ ಗುಂಥರ್ ಷುಲ್ಲರನ 1961ರ ಪಂಚಕವೂ, ಎಲಿಯಟ್ ಕಾರ್ಟರನ 1974ರ ಪಂಚಕವೂ ಮತ್ತೊಂದು ಜಾತಿಯವು. ಕಾರ್ಟರನು ಐವರನ್ನೂ ಐದು ಸ್ವಭಾವದ ವ್ಯಕ್ತಿಗಳಾಗಿ ಕಲ್ಪಿಸಿ, ಗಂಭೀರವಾದೊಂದು ವಿಲಂಬಗಾನಕ್ಕೆ ಕೂಡಿದವರು ಮತ್ತೆ ಮತ್ತೆ ಪರಸ್ಪರ ಅಡ್ಡಮಾತಿನಿಂದ ಚೆದುರುವಂತೆ ಮಾಡುತ್ತಾನೆ. ಪ್ರಥಮ ಶ್ರವಣಕ್ಕೆ ಇದು ಒಲಿಯದು. ಆದರೆ ಹಿತ್ತಾಳೆ ವಾದ್ಯಗಳು ಸ್ವತಂತ್ರ ಬುದ್ಧಿಯಿಂದ ವಾದಿಸಬಲ್ಲವೆಂಬುದನ್ನು ಇದರಷ್ಟು ದೃಢವಾಗಿ ಸ್ಥಾಪಿಸಿದ ಕೃತಿ ಇನ್ನೊಂದಿಲ್ಲ. ಲುಟೊಸ್ಲಾವ್ಸ್ಕಿಯ 1982ರ ಕಿರು ಪ್ರವೇಶಿಕೆ ಕೆಲವೇ ನಿಮಿಷಗಳದು. ಉಳಿದಂತೆ ಯೋಹಾನ್ ಸೆಬಾಸ್ಟಿಯನ್ ಬಾಖನ ಫ್ಯೂಗುಗಳ ರೂಪಾಂತರಗಳೂ, ಸ್ಕಾಟ್ ಜೊಪ್ಲಿನ್ನನ ರ‍್ಯಾಗ್‌ಟೈಮುಗಳೂ ಯಾವ ಕಛೇರಿಯಲ್ಲಿಯೂ ತಪ್ಪುವುದಿಲ್ಲ. ಫ್ಯೂಗಿನ ಮಟ್ಟಿಗೆ ಇದು ನ್ಯಾಯವಾದುದೇ, ಪಂಕ್ತಿಗಳ ಸ್ಪಷ್ಟತೆಯು ಆರ್ಗನ್ನಿನಲ್ಲಿರುವುದಕ್ಕಿಂತ ಇಲ್ಲಿ ಒಂದು ಕೈ ಮೇಲು.

ಕರ್ನಾಟಕದ ವಿಶ್ವವಿದ್ಯಾನಿಲಯಗಳ ಸಂಗೀತಶಿಕ್ಷಣವು ಬೇರೆ ಹಾದಿಯಲ್ಲಿ ನಡೆಯಿತು. ಅಬಲೂರಿಗೆ ಹತ್ತಿರದ ಹಿರಿಯ ವಿದ್ಯಾಕೇಂದ್ರವಾದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರಂಥ ಗಾಯಕರನ್ನು ತನ್ನ ಸಂಗೀತ ಬೋಧನೆಗೆ ಬರಮಾಡಿಕೊಂಡು ಕಂಠಸಂಗೀತಕ್ಕೇ ಅಗ್ರಪೂಜೆ ಸಲ್ಲಿಸಿತು. ಈ ಸೀಮೆಯ ರಸಿಕತೆಗೆ ಅದೇ ಸಹಜವೂ ಆಗಿತ್ತು. ಹಿತ್ತಾಳೆಯ ಬಹುಸ್ವರಮೇಳವು ನಮ್ಮಲ್ಲಿ ಉಚ್ಛ್ರಾಯಕ್ಕೆ ಬಂದುದು ಮೈಸೂರಿನ ಅರಮನೆಯಲ್ಲಿ. ಕರ್ನಾಟಕ ವಾದ್ಯವೃಂದದ ಜೊತೆಗೆ ಪಾಶ್ಚಾತ್ಯ ಬ್ಯಾಂಡನ್ನೂ ಪೋಷಿಸಿದ ಆ ಸಂಸ್ಥಾನದ ಪರಂಪರೆಯು ಈಗ ಪೊಲೀಸ್ ಬ್ಯಾಂಡಿನ ರೂಪದಲ್ಲಿ ದಸರೆಯ ಹೊತ್ತಿಗೆ ಕಿವಿಗೆ ಬೀಳುತ್ತದೆ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದ ಜಯಚಾಮರಾಜ ಒಡೆಯರು ರಷ್ಯದ ರಚನಕಾರ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಆಶ್ರಯವಿತ್ತುದೂ, ಮೆಟ್ನರನು ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದುದೂ ಪ್ರಸಿದ್ಧ. 22 ಮೇ 1950ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತೆಗಳ ಪ್ರಥಮ ಪ್ರಯೋಗ ನಡೆದುದು ಇವರ ದ್ರವ್ಯಭರವಸೆಯಿಂದ. ಹಾರ್ನ್‌ವಾದಕನ ಮಗನಾದ ಸ್ಟ್ರಾಸನು ಆ ಗೀತೆಗಳಲ್ಲೊಂದನ್ನು ಒಂಟಿ ಹಾರ್ನಿನ ಆಲಾಪದಿಂದ ಮುಗಿಸಿದ್ದಾನೆ. ಮೈಸೂರಿನ ಹಣವು ಹಿತ್ತಾಳೆ ವಾದ್ಯದ ಅತ್ಯಂತ ಕೋಮಲವಾದ ಕೆಲವು ಪಂಕ್ತಿಗಳಿಗೆ ಹೀಗೆ ನೆರವಾಯಿತು. ಕದ್ರಿ ಗೋಪಾಲನಾಥರು ಬಾಲ್ಯದಲ್ಲಿ ಸ್ಯಾಕ್ಸೊಫೋನಿಗೆ ಮನಸೋತುದೂ ಇದೇ ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ.

ಗೋಪಾಲನಾಥರು ಆ ಪೀಪಿವಾದ್ಯದಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿ ಸಾಧಿಸಿದುದನ್ನು ಪಂಚಕದ ವಾದ್ಯಗಳಲ್ಲಿ ಸಾಧಿಸಬಹುದೆ ಎಂಬ ಪ್ರಶ್ನೆಗೆ ಉತ್ತರವು ವಾದ್ಯದಿಂದ ವಾದ್ಯಕ್ಕೆ ಬದಲಾಗುತ್ತದೆ. ಕವಾಟವು ಸ್ವರದಿಂದ ಸ್ವರಕ್ಕೆ ಜಿಗಿಯುತ್ತದೆಯೇ ಹೊರತು ನಡೆಯುವುದಿಲ್ಲ. ತುಟಿಯ ಬಾಗುವಿಕೆಯಿಂದಲೂ ಅರ್ಧ ಒತ್ತಿದ ಕವಾಟದಿಂದಲೂ ದೊರೆಯುವ ಗಮಕವು ಅಲ್ಪ. ಟ್ರೊಂಬೋನಿನ ಜಾರುಕೊಳವೆಗಾದರೋ ಈ ನಿರ್ಬಂಧವಿಲ್ಲ. ಕಿರಾಣಾ ಗಾಯಕಿಯ ಮೀಂಡನ್ನು ಕೇಳಿ ಬೆಳೆದ ಹಾನಗಲ್ಲು ಹಿರೇಕೆರೂರಿನ ಕಡೆಯ ಕಿವಿಗೆ ಐದರಲ್ಲಿ ಮೊದಲು ಹಿಡಿಸುವುದು ಅದೇ ಇರಬೇಕು. ಆದರೆ ಅದಕ್ಕೂ ಒಂದು ಎಲ್ಲೆಯುಂಟು. ಕೊಳವೆಯು ಪೂರ್ತಿ ಚಾಚಿದಾಗ ತಗ್ಗುವುದು ಆರು ಅರ್ಧಸ್ವರಗಳಷ್ಟು ಮಾತ್ರ. ಚಾಚಿದ ಕೊಳವೆಯಲ್ಲಿ ಷಡ್ಜವನ್ನು ಹಿಡಿದು ಒಂದೇ ಎಳೆತದಲ್ಲಿ ಮೇಲೇರುತ್ತ ಬಂದ ವಾದಕನು ತೀವ್ರ ಮಧ್ಯಮದ ತನಕ ಬರಬಲ್ಲನು. ಪಂಚಮಕ್ಕೆ ಕಾಲಿಡಬೇಕಾದರೆ ತುಟಿಯನ್ನು ಬಿಗಿದು ಕೊಳವೆಯನ್ನು ಬೇರೊಂದು ಸ್ಥಾನಕ್ಕೆ ಒಯ್ದು ಹೊಸದಾಗಿ ಹಿಡಿಯಬೇಕು, ಆ ಬೆಸುಗೆ ಕೇಳಿಸದಂತೆ ಮಾಡುವುದರಲ್ಲಿಯೇ ಅವನ ಪರೀಕ್ಷೆ.